ಪರದ ಮಾತ್ರೆ

ಜೂನ್ 23, ಸೋಮವಾರ

ಕಾಲೇಜು ಶುರುವಾಯಿತು. ಇದು ಕೊನೆಯ ವರ್ಷ. ಹಾಸ್ಟೆಲಿನಲ್ಲಿ ಅದೇ ರೂಮು ಕೊಟ್ಟಿದ್ದಾರೆ. ಬೇರೆ ರೂಮು ಕೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ವಾರ್ಡನ್ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಎರಡು ವರ್ಷ ನನ್ನ ಜೊತೆ ಇದೇ ರೂಮಿನಲ್ಲಿದ್ದ ತೇನ್ಮೊಳಿಯ ಮಂಚದ ಮೇಲೆ ಹಾಸಿಗೆ ಇಲ್ಲ. ಹಲಗೆಯ ಮೇಲೆ ಹಳೆಯ ಕರ್ಟನ್ನುಗಳನ್ನು ಮಡಚಿ ಇಟ್ಟಿದ್ದಾರೆ, ಅಲ್ಲಿ ಯಾವತ್ತೂ ಯಾರೂ ಮಲಗಿರಲೇ ಇಲ್ಲ ಎನ್ನುವ ಹಾಗೆ.

ಅವಳ ನೀಲಿ ಬಕೆಟ್ ಮಾತ್ರ ಬಚ್ಚಲಲ್ಲಿ ಹಾಗೇ ಇದೆ. ಉಗುರಿಗೆ ಹಚ್ಚುವ ಬಣ್ಣದಲ್ಲಿ ಅವಳೇ ಬರೆದ ಹೆಸರೂ ಇದೆ. ಬಕೆಟ್ ತುಂಬ ನೀರು. ನಲ್ಲಿ ಸೋರುತ್ತದೆ, ಅದಕ್ಕೇ ತುಂಬಿದೆ ಅಂತ ನನಗೆ ಗೊತ್ತು. ಆದರೂ ಅದನ್ನು ಬಗ್ಗಿಸಿ ಚೆಲ್ಲಲು ಕೈ ಬರಲಿಲ್ಲ.

‘ಹೊಸ ಹುಡುಗಿಯರು ಕೇಳಿದರೆ ಕಾಮಾಲೆ ಆಗಿತ್ತು ಅನ್ನು’ ಎಂದರು ವಾರ್ಡನ್. ಆಯಿತು ಮೇಡಂ ಅಂದೆ. ಅವಳಿಗೆ ಆದದ್ದು ಏನು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಕಲಿತದ್ದೆಲ್ಲ ತಮಿಳು. ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಹತ್ತಿರದ ನಂಜನಾಡಿನಲ್ಲಿ ಕ್ಯಾರೆಟ್ ಬೆಳೆಯುವ ಮನೆ ನಮ್ಮದು. ಬೇಸಿಗೆ ರಜೆಯಲ್ಲಿ ಅಪ್ಪ ಎದುರಿಗೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುತ್ತಿದ್ದರು, ನಾನು ಅಳುತ್ತಾ ತಿದ್ದುತ್ತಿದ್ದೆ. ಈ ಹಾಸ್ಟೆಲಿನಲ್ಲಿ ಈ ಅಕ್ಷರ ಓದುವವರು ಒಬ್ಬರೂ ಇಲ್ಲ. ಅಪ್ಪನ ಹಟ ಹೀಗೆ ಉಪಯೋಗಕ್ಕೆ ಬಂತು.

ಜೂನ್ 29, ಭಾನುವಾರ

ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದಾಗ ಫೋನು ಹೊಡೆದುಕೊಂಡಿತು. ನೋಡಿದರೆ ‘ತೇನು’ ಎಂದು ಹೆಸರು. ನಾಲಗೆ ಚಾಚಿಕೊಂಡ ಅವಳ ಫೋಟೊ. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ನಾನು ಕಿರುಚಿದೆನಂತೆ, ಪಕ್ಕದ ರೂಮಿನವರು ಬಂದು ಏನಾಯಿತು ಅಂದರು. ಹಲ್ಲಿ ಅಂದೆ. ಊಟಿಯ ಈ ಚಳಿಯಲ್ಲಿ ಹಲ್ಲಿ ಎಲ್ಲಿಂದ ಬರಬೇಕು, ಅವರೂ ಕೇಳಲಿಲ್ಲ.

ಎರಡನೇ ಸಲ ಬಂದಾಗ ತೆಗೆದೆ. ಅವಳ ಅಮ್ಮ. ಚೇರಂಬಾಡಿಯ ಚಹಾ ಎಸ್ಟೇಟಿನಲ್ಲಿ ಎಲೆ ಕೀಳುವವರು. ಮಗಳ ಫೋನನ್ನು ಅವರೇ ಇಟ್ಟುಕೊಂಡಿದ್ದಾರೆ, ದಿನಾ ಚಾರ್ಜ್ ಹಾಕುತ್ತಾರಂತೆ. ‘ಸಾಪ್ಟಿಯಾ ಕಣ್ಣು?’ ಅಂದರು. ಊಟ ಆಯಿತು ಅಂದೆ. ಆಮೇಲೆ, ‘ರಜೆಗೆ ಬರೋ ಮುಂಚೆ ಅವಳು ಏನು ತಿಂದಿದ್ದಳು ಕಣ್ಣು? ಹೊಟ್ಟೆ ಯಾಕೆ ಕೆಟ್ಟಿತು?’ ಎಂದು ಕೇಳಿದರು.

ಪರೋಟ ತಿಂದಿದ್ದೆವು ಅಂದೆ. ಎಲ್ಲಿ, ಯಾವ ಅಂಗಡಿ ಅಂದರು. ಬಸ್ ಸ್ಟ್ಯಾಂಡ್ ಹತ್ತಿರ ಅಂದೆ. ಹೀಗೆ ಸುಳ್ಳನ್ನು ಅವರ ತಟ್ಟೆಗೆ ಒಂದೊಂದಾಗಿ ಬಡಿಸುತ್ತಾ ಹೋದೆ.

ಹೆಸರು ಬದಲಿಸಬೇಕು. ‘ತೇನುವಿನ ಅಮ್ಮ’ ಅಂತ ಹಾಕಬೇಕು. ಇವತ್ತು ಬೇಡ.

ಜುಲೈ 9, ಬುಧವಾರ

ಮೂರು ದಿನದಿಂದ ಮಂಜು ಕಿಟಕಿ ಬಿಟ್ಟು ಹೋಗಿಲ್ಲ. ರೂಮಿನಲ್ಲಿ ನೀಲಗಿರಿ ಎಣ್ಣೆಯ ವಾಸನೆ. ನಾನು ಅದನ್ನು ಹಚ್ಚುವುದಿಲ್ಲ. ಹಚ್ಚುತ್ತಿದ್ದವಳು ಅವಳು, ತಲೆನೋವಿಗೂ ಅದೇ, ಸೊಳ್ಳೆಗೂ ಅದೇ.

ಬರೆದರೆ ವಾಸನೆ ಹೋಗುತ್ತದೇನೋ, ಬರೆಯುತ್ತೇನೆ. ಏಪ್ರಿಲ್‌ನಲ್ಲಿ ಒಂದು ಶನಿವಾರ ಅವಳು ನನ್ನನ್ನು ಎಳೆದುಕೊಂಡು ಔಷಧಿ ಅಂಗಡಿಗಳಿಗೆ ಹೋದಳು. ಹಿಂದಿನ ದಿನ ಅವಳಿಗೂ ಒಬ್ಬನಿಗೂ ಅದು ಆಗಿತ್ತು. ಅವನು ಯಾರು ಅಂತ ಕೊನೆಯವರೆಗೂ ಹೇಳಲಿಲ್ಲ. ಆದ ಮೇಲೆ ತೆಗೆದುಕೊಳ್ಳುವ ಒಂದು ಮಾತ್ರೆ ಇದೆಯಲ್ಲ, ಅದು ಬೇಕಿತ್ತು. ಅವಳು ಒಳಗೆ ಹೋಗುವುದು, ನಾನು ಹೊರಗೆ ಕೊಡೆ ಹಿಡಿದುಕೊಂಡು ನಿಲ್ಲುವುದು. ಒಂದೊಂದು ಅಂಗಡಿಯವರೂ ‘ಇಲ್ಲಮ್ಮಾ, ಅದು ನಾವು ಇಡಲ್ಲ’ ಅಂದರು. ಒಬ್ಬರು ಅವಳ ಕತ್ತಿನಲ್ಲಿ ತಾಳಿ ಇದೆಯಾ ಅಂತ ಬಗ್ಗಿ ನೋಡಿದರಂತೆ. ಇನ್ನೊಬ್ಬರು ದನಿ ತಗ್ಗಿಸಿ, ಕೇರಳದ ಕಡೆ ಹೋದರೆ ಸಿಗುತ್ತದೆ ಅಂದರಂತೆ.

ಮಳೆ ಬಂತು. ದೊಡ್ಡಾಸ್ಪತ್ರೆಯ ಗೇಟಿನ ಪಕ್ಕ ಜೋಳ ಬೇಯಿಸಿ ಮಾರುತ್ತಾರಲ್ಲ, ಅಲ್ಲಿ ನಿಂತು ಜೋಳ ತಿಂದೆವು. ಸೋಮವಾರ ಪರೀಕ್ಷೆ ಇತ್ತು. ಮುಗಿಸಿಕೊಂಡು ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತೇನೆ ಅಂದಳು. ಹೋದಳು ಕೂಡ. ಅಷ್ಟು ಹೊತ್ತಿಗೆ ಆ ಮಾತ್ರೆಯ ಕಾಲ ಮೀರಿತ್ತು.

ಮೇ ತಿಂಗಳಲ್ಲಿ, ರಜೆಗೆ ಮನೆಗೆ ಹೋದವಳಿಂದ ಮೆಸೇಜ್ ಬಂತು. ‘ಒಬ್ಬರು ಕಾಗದದಲ್ಲಿ ಕಟ್ಟಿ ಮಾತ್ರೆ ಕೊಟ್ಟಿದ್ದಾರೆ, ಎರಡು ದಿನ ಹೊಟ್ಟೆನೋವು ಇರುತ್ತಂತೆ, ಆಮೇಲೆ ಸರಿಯಾಗುತ್ತಂತೆ.’ ಅದೇ ಕೊನೆ. ರಕ್ತ ನಿಲ್ಲಲಿಲ್ಲ. ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಹೋದಳು.

ಬರೆದೆ. ವಾಸನೆ ಹೋಗಿಲ್ಲ.

ಜುಲೈ 20, ಭಾನುವಾರ

ನನ್ನ ಗೆಳೆಯ ಕಾರ್ತಿಕೇಯನ್ ಜೊತೆ ಸೋಲೂರಿಗೆ ಹೋಗಿದ್ದೆ. ಅವನ ಮಾವನ ಕಾಟೇಜು ಅಲ್ಲಿದೆ. ಸೀಸನ್ ಮುಗಿದರೆ ಖಾಲಿ, ಬೀಗದ ಕೈ ಇವನ ಹತ್ತಿರ. ಚಹಾ ಕಾಸಿ ಕೊಟ್ಟ, ಸಕ್ಕರೆ ಮರೆತಿದ್ದ. ಈ ಬೆಟ್ಟದ ಬಡಗರ ಹುಡುಗ, ಅವನ ಮಾತು ಅರ್ಧ ನಮ್ಮ ಮಾತಿನ ಹಾಗೇ ಕೇಳುತ್ತದೆ. ಅದಕ್ಕೇ ಅವನು ಹತ್ತಿರದವನು ಅನ್ನಿಸಿರಬೇಕು, ಮುಖ ನೋಡಿದರೆ ಅಂಥದ್ದೇನೂ ಇಲ್ಲ.

ಅದು ಆಗಲಿಲ್ಲ. ಆಗುವುದರಲ್ಲಿತ್ತು. ‘ತಂದಿದ್ದೀಯಾ?’ ಅಂದೆ. ತಲೆ ಕೆರೆದುಕೊಂಡ. ಅಂಗಡಿಯಲ್ಲಿ ಅವನ ಹಟ್ಟಿಯವರೇ ಕೂತಿದ್ದರಂತೆ, ಕೆಮ್ಮಿನ ಔಷಧಿ ಕೊಂಡುಕೊಂಡು ಬಂದನಂತೆ. ಬಾಟಲಿ ತೋರಿಸಿದ. ನಗು ಬಂತು. ನಗುತ್ತಿರುವಾಗಲೇ ತೇನು ಆ ಮಳೆಯಲ್ಲಿ ಜೋಳ ತಿನ್ನುತ್ತಾ ನಕ್ಕದ್ದು ನೆನಪಾಯಿತು. ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡು ಅಂದೆ.

ಆಗಸ್ಟ್ 3, ಭಾನುವಾರ

ಮತ್ತೆ ‘ತೇನು’. ಮತ್ತೆ ಏನು ತಿಂದಿದ್ದಳು ಅಂತ. ಕಿರಿಯ ಮಗಳು ಯಾಳಿನಿ ಪ್ಲಸ್ ಟೂ ಓದುತ್ತಿದ್ದಾಳಂತೆ, ಮುಂದಿನ ವರ್ಷ ಇದೇ ಕಾಲೇಜಿಗೆ ಕಳಿಸುತ್ತಾರಂತೆ. ‘ನೀನು ಅಕ್ಕನ ಹಾಗೆ ನೋಡ್ಕೋ ಕಣ್ಣು’ ಅಂದರು. ನನ್ನ ಓದು ಅಷ್ಟರಲ್ಲಿ ಮುಗಿದಿರುತ್ತದೆ ಅಂತ ಹೇಳಲೂ ಆಗಲಿಲ್ಲ.

ಬೆಳಿಗ್ಗೆ ಬಚ್ಚಲಲ್ಲಿ ಹವಾಯಿ ಚಪ್ಪಲಿಯ ಸದ್ದು ಕೇಳಿತು, ತೇನುವಿನ ಹಾಗೆ ಎಡಗಾಲು ಎಳೆದು ನಡೆಯುವ ಸದ್ದು. ಹೋಗಿ ನೋಡಲಿಲ್ಲ.

ಆಗಸ್ಟ್ 9, ಶನಿವಾರ, ನಂಜನಾಡು

ಮನೆಗೆ ಬಂದಿದ್ದೇನೆ. ಶ್ರಾವಣದ ಕೊನೆಯ ಸೋಮವಾರ ನಮ್ಮಲ್ಲಿ ಮಾದಪ್ಪನ ಪರ. ಹೊಲದ ಮೇಲಿನ ಪಟ್ಟೆಯಲ್ಲಿರುವ ಕಲ್ಲಿಗೆ ಪೂಜೆ ಮಾಡಿ, ಬಂದವರಿಗೆಲ್ಲ ಊಟ ಹಾಕುವುದು. ಮದುವೆಯಾಗದ ಮಗಳು ತಲೆಯ ಮೇಲೆ ಹಾಲಿನ ಚೊಂಬು ಹೊತ್ತು ಮೆಟ್ಟಿಲು ಮೆಟ್ಟಿಲಾಗಿ ಹೊಲ ಹತ್ತಬೇಕು. ಅಂದು ಅವಳು ಹೊರಗಾಗಿರಬಾರದು. ದೊಡ್ಡವಳಾದಾಗಿನಿಂದ ಈ ಕೆಲಸ ನನ್ನದು.

ಅದಕ್ಕೇ ಪರದ ಮಾತ್ರೆ. ಅವ್ವ ಅದನ್ನು ದೇವರ ಗೂಡಿನಲ್ಲಿ, ವಿಭೂತಿಯ ಪಕ್ಕ ಇಡುತ್ತಾಳೆ. ಅವಳೂ ನುಂಗುತ್ತಾಳೆ, ಚಿಕ್ಕಮ್ಮನೂ ನುಂಗುತ್ತಾಳೆ. ಹಬ್ಬ ಅಂದರೆ ನಮ್ಮ ಮನೆಯ ಹೆಂಗಸರಿಗೆಲ್ಲ ಅದು ಪ್ರಸಾದದ ಹಾಗೆ. ಇವತ್ತು ಒಂದು ಶೀಟು ನನ್ನ ಕೈಗೆ ಹಾಕಿ, ‘ಬುಧವಾರದಿಂದ ತಕ್ಕೋ, ಮರೀಬ್ಯಾಡ’ ಅಂದಳು.

‘ಅವ್ವ, ಇದನ್ನ ತಗೊಂಡ್ರೆ ಒಳಗೆ ಏನಾಗುತ್ತೆ?’ ಎಂದು ಕೇಳಿದೆ.

‘ಏನಾಯ್ತದೆ, ಎಲ್ಲಾ ನಿಂತೋಯ್ತದೆ. ಬಾಗ್ಲು ಹಾಕ್ದಂಗೆ. ಬುಟ್ಟ ಮ್ಯಾಲೆ ತಕ್ಕಂತದೆ.’

ಅವ್ವನಿಗೆ ಇದಕ್ಕಿಂತ ಹೆಚ್ಚು ಕೇಳಿದರೆ ಸಿಟ್ಟು ಬರುತ್ತದೆ. ನಾನು ಆ ಶೀಟನ್ನು ತಿರುಗಿಸಿ ನೋಡುತ್ತಾ ಕೂತೆ. ಬಾಗಿಲು ಹಾಕಿದ ಹಾಗೆ. ತೇನುವಿಗೆ ಇದು ಗೊತ್ತಿದ್ದಿದ್ದರೆ ಅಂತಲೂ ಅನ್ನಿಸಿತು.

ಆಗಸ್ಟ್ 15, ಶುಕ್ರವಾರ

ಕಾಲೇಜಿನಲ್ಲಿ ಬಾವುಟ ಹಾರಿಸಿದರು, ಮಿಠಾಯಿ ಕೊಟ್ಟರು. ಆಮೇಲೆ ಸೋಲೂರು.

ಅದು ಆಯಿತು. ಕಾರ್ತಿ ಈ ಸಲವೂ ಏನೂ ತಂದಿರಲಿಲ್ಲ, ನಾನೇ ಪರವಾಗಿಲ್ಲ ಅಂದೆ. ‘ಮಾತ್ರೆ ತಗೊಳ್ತಿದ್ದೀನಿ’ ಅಂದೆ. ಹೇಳುವಾಗ ನನಗೆ ಒಂಥರಾ ಜಂಬ. ತೇನುವಿನ ಹಾಗೆ ಅಂಗಡಿ ಅಂಗಡಿ ಅಲೆಯುವ ಗತಿ ನನಗೆ ಬರಲಿಲ್ಲ, ಮನೆಯ ದೇವರ ಗೂಡಿನಿಂದಲೇ ಬಂತು ಅಂತ.

ಖುಷಿಯಾಗಿತ್ತು. ಅದನ್ನೂ ಬರೆದಿಡುತ್ತೇನೆ, ಸುಳ್ಳು ಯಾಕೆ. ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಏನೋ ಗುನುಗುತ್ತಿದ್ದೆ. ಪಕ್ಕದ ಸೀಟು ಖಾಲಿ ಇತ್ತು. ಬಸ್ಸು ತುಂಬ ಜನ ನಿಂತಿದ್ದರು, ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಆಗಸ್ಟ್ 18, ಸೋಮವಾರ, ನಂಜನಾಡು

ಪರ ಮುಗಿಯಿತು. ಚೊಂಬು ಹೊತ್ತು ಹತ್ತಿದೆ. ಮಂಜು ಎಷ್ಟಿತ್ತೆಂದರೆ ಮುಂದೆ ಹೋಗುತ್ತಿದ್ದ ಅಪ್ಪನ ಬೆನ್ನು ಕಾಣುತ್ತಿರಲಿಲ್ಲ. ಹಿಂದೆ ಯಾರೋ ಕಾಲೆಳೆದು ಹತ್ತುತ್ತಿದ್ದ ಹಾಗೆ ಕೇಳಿತು. ಲಿಂಗಾಜಮ್ಮಜ್ಜಿ ಇರಬೇಕು ಅಂದುಕೊಂಡೆ. ಮೇಲೆ ಹೋಗಿ ನೋಡಿದರೆ ಅಜ್ಜಿ ಆಗಲೇ ಕಲ್ಲಿನ ಪಕ್ಕ ಕೂತಿದ್ದಳು.

ಹೋದ ವರ್ಷ ತೇನು ಬಂದಿದ್ದಳು. ಕ್ಯಾರೆಟ್ ಪಟ್ಟೆಯ ಅಂಚಿನಲ್ಲಿ ಕೂತು ಪಾಯಸ ಎರಡು ಸಲ ಹಾಕಿಸಿಕೊಂಡಿದ್ದಳು. ಅವ್ವ ಇವತ್ತು, ‘ನಿನ್ ಜೊತೆ ಬಂದಿದ್ಲಲ್ಲ ಆ ಮಗ, ಪಾಪ’ ಅಂದಳು. ಏನಾಗಿತ್ತು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇವತ್ತಿಗೆ ಮಾತ್ರೆ ನಿಲ್ಲಿಸಿದೆ. ಇನ್ನು ಎರಡು ಮೂರು ದಿನಕ್ಕೆ ಆಗಬೇಕು.

ಆಗಸ್ಟ್ 25, ಸೋಮವಾರ

ಆಗಿಲ್ಲ.

ಆಗಸ್ಟ್ 28, ಗುರುವಾರ

ಇಲ್ಲ. ಚಳಿಗೆ ಹೀಗಾಗುತ್ತದಂತೆ. ಪರೀಕ್ಷೆಯ ಯೋಚನೆಗೂ ಆಗುತ್ತದಂತೆ. ನನಗೆ ಈಗ ಯಾವ ಪರೀಕ್ಷೆಯೂ ಇಲ್ಲ.

ಅವ್ವ ಹಬ್ಬಕ್ಕೆ ಫೋನ್ ಮಾಡಿದ್ದಳು. ಮೊದಲ ಮಾತೇ ‘ಆಯ್ತಾ?’ ಅಂತ. ನಮ್ಮ ಮನೆಯಲ್ಲಿ ಪರ ಆದ ಮೇಲೆ ಯಾರು ಯಾವಾಗ ಆದರು ಅನ್ನುವುದು ಅವ್ವನ ಲೆಕ್ಕ. ಆಯ್ತು ಅಂದೆ.

ಆಗಸ್ಟ್ 31, ಭಾನುವಾರ

ಬಕೆಟ್ಟಿನ ನೀರಿನಲ್ಲಿ ಮುಖ ನೋಡಿದೆ. ನನ್ನದೇ ಮುಖ. ಮತ್ತೆ ಯಾರದಿರಬೇಕಿತ್ತು?

ತೇನು, ನಿನಗೂ ಹೀಗೇ ಆಗಿತ್ತಾ? ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುವುದು, ಬಿಳಿ ಬಟ್ಟೆ ಬಿಳಿಯಾಗಿಯೇ ಇರುವುದು. ಆಗ ನೀನು ಮೆಸ್ಸಿನಲ್ಲಿ ನನ್ನೆದುರು ಕೂತು ಇಡ್ಲಿ ತಿನ್ನುತ್ತಿದ್ದೆ. ತಟ್ಟೆಯಲ್ಲಿ ಬಿಟ್ಟಿದ್ದನ್ನು ನಾನು ತಿಂದೆ. ಒಂದು ಮಾತು ಹೇಳಲಿಲ್ಲ ನೀನು. ನನಗೆ ಸಿಟ್ಟು ಬರುತ್ತಿದೆ ನಿನ್ನ ಮೇಲೆ.

ಸೆಪ್ಟೆಂಬರ್ 2, ಮಂಗಳವಾರ

ಗುಂಡ್ಲುಪೇಟೆಗೆ ಹೋಗಿ ಬಂದೆ. ಉಚ್ಚೆಯಲ್ಲಿ ನೋಡುವ ಆ ಪಟ್ಟಿ ಇಲ್ಲಿಯೇ ಸಿಗುತ್ತದೆ, ಆದರೆ ಇಲ್ಲಿ ಯಾವ ಅಂಗಡಿಗೆ ಹೋದರೂ ನಂಜನಾಡಿನವರೊಬ್ಬರು ಪಕ್ಕದಲ್ಲಿರುತ್ತಾರೆ. ಅಲ್ಲಿ ನನ್ನನ್ನು ಯಾರು ಬಲ್ಲರು ಅಂದುಕೊಂಡೆ. ಗೂಡಲೂರು, ಬಂಡೀಪುರ ದಾಟಿ ಬಸ್ಸಿಳಿದು, ಹೆಂಗಸರು ಇಲ್ಲದ ಅಂಗಡಿ ನೋಡಿ ಹೋದೆ. ದಾರಿಯುದ್ದಕ್ಕೂ ಬಾಯಲ್ಲಿ ಮಾತು ತಯಾರು ಮಾಡಿಕೊಂಡಿದ್ದೆ.

ಅಂಗಡಿಯವರು ಅಪ್ಪನ ವಯಸ್ಸಿನವರು, ಹಣೆಯ ಮೇಲೆ ಅಪ್ಪನ ಹಾಗೇ ವಿಭೂತಿ. ‘ಏನ್ ಬೇಕವ್ವ?’ ಅಂದರು. ಅಷ್ಟೇ. ಅದೇ ದನಿ, ಅದೇ ಅವ್ವ ಅನ್ನುವ ರೀತಿ. ತಮಿಳಿನಲ್ಲಾಗಿದ್ದರೆ ಕೇಳಿಬಿಡುತ್ತಿದ್ದೆ, ಅದು ಕಾಲೇಜಿನ ಮಾತು, ಬಾಯಿಂದ ಬಂದು ಹೋಗುತ್ತದೆ. ಕನ್ನಡದಲ್ಲಿ ಆ ಮಾತನ್ನು ನಾನು ಯಾವತ್ತೂ ಯಾರ ಎದುರಿಗೂ ಆಡಿಲ್ಲ. ಈ ಪುಸ್ತಕದಲ್ಲೂ ಆಡಿಲ್ಲ, ಹಿಂದೆ ತಿರುಗಿಸಿ ನೋಡಿದೆ, ಎಲ್ಲ ಕಡೆಯೂ ‘ಅದು’ ಅಂತಲೇ ಇದೆ.

ಜ್ವರದ ಮಾತ್ರೆ ತೆಗೆದುಕೊಂಡು ಬಂದೆ. ಕಾರ್ತಿಯ ಕೆಮ್ಮಿನ ಔಷಧಿ ನೋಡಿ ನಕ್ಕವಳು ನಾನು.

ಬರುವಾಗ ಬಸ್ಸಿನಲ್ಲಿ ನೀಲಗಿರಿ ಎಣ್ಣೆಯ ವಾಸನೆ ಬಂತು. ನೀನು ಬಂದು ಕೂತೆಯಾ? ಕೂತುಕೋ. ಬೇರೆ ಯಾರೂ ಇಲ್ಲ ನನ್ನ ಜೊತೆ.

ಸೆಪ್ಟೆಂಬರ್ 5, ಶುಕ್ರವಾರ

ಒಬ್ಬ ಹುಡುಗಿಯ ಗುರುತಿನವಳು ಇದ್ದಾಳಂತೆ. ಮಾತ್ರೆ ಕೊಡುತ್ತಾಳಂತೆ, ಯಾರಿಗೂ ಹೇಳುವುದಿಲ್ಲವಂತೆ. ಮೂಲೆ ರೂಮಿನಲ್ಲಿ ಯಾರದೋ ವಿಷಯ ಮಾತಾಡುತ್ತಿದ್ದರು, ನನ್ನದಲ್ಲ. ನಂಬರು ಕೇಳಿ ಬರೆದುಕೊಂಡೆ. ಎರಡು ಸಲ ಒತ್ತಿ ಕಟ್ ಮಾಡಿದೆ.

ಆಮೇಲೆ ಅವ್ವನಿಗೆ ಮಾಡಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ, ಬೆರಳು ಅಲ್ಲಿಗೆ ಹೋಯಿತು. ‘ಅವ್ವ, ಆಗಿಲ್ಲ. ಆಯ್ತು ಅಂದಿದ್ದು ಸುಳ್ಳು.’

ಅವ್ವ ಹೆದರಿದಳು. ಅವಳು ಹೆದರಿದ್ದು ಬೇರೆಯದಕ್ಕೆ. ‘ಅಯ್ಯೋ ಮಾದಪ್ಪ, ವರ್ಸ ವರ್ಸ ನುಂಗ್ಸಿ ನುಂಗ್ಸಿ ಮಗಳ ಹೊಟ್ಟೆ ಕೆಡಿಸ್ಬುಟ್ನಲ್ಲ’ ಅಂತ ಅಳತೊಡಗಿದಳು. ಸೋಮವಾರ ಬರುತ್ತಾಳಂತೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳಂತೆ.

ಸೆಪ್ಟೆಂಬರ್ 8, ಸೋಮವಾರ

ಎಲ್ಲವನ್ನೂ ಬರೆಯುತ್ತೇನೆ.

ಅವ್ವ ಮೊದಲ ಬಸ್ಸಿಗೇ ಬಂದಳು. ದೊಡ್ಡಾಸ್ಪತ್ರೆ. ಗೇಟಿನ ಪಕ್ಕ ಜೋಳದ ಗಾಡಿ. ತೇನು, ನಾವು ಅವತ್ತು ನಿಂತದ್ದು ಇಲ್ಲೇ. ಗೇಟಿಗೆ ಬೆನ್ನು ಹಾಕಿಕೊಂಡು ನಿಂತಿದ್ದೆವು.

ಒಳಗೆ ಹೆಂಗಸರ ಡಾಕ್ಟರು ಕಲೈಸೆಲ್ವಿ ಅಂತ. ಅವಸರದವರು, ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಸಾಲಿನ ಮೇಲೆ. ಅವ್ವ ತನ್ನ ಹರಕು ತಮಿಳಿನಲ್ಲಿ ಪರದ ಮಾತ್ರೆಯ ಕತೆ ಹೇಳಿದಳು. ಡಾಕ್ಟರು ಕೇಳಿಸಿಕೊಂಡು ನನ್ನ ಕಡೆ ತಿರುಗಿ, ‘ಯಾರ ಜೊತೆಗಾದರೂ ಸೇರಿದ್ದೀಯಾ? ತಾಯಿಯನ್ನು ಹೊರಗೆ ಕೂರಿಸಲಾ?’ ಎಂದು ಕೇಳಿದರು.

ಅವ್ವ ಏಳಲು ಹೋಗಲಿಲ್ಲ. ಅವಳಿಗೆ ಮಾತು ಸರಿಯಾಗಿ ಅರ್ಥವಾಗಿರಲಿಲ್ಲ, ಅಥವಾ ಆಗಿತ್ತು. ಕಳಿಸಿ ಅಂದಿದ್ದರೆ ಕಳಿಸುತ್ತಿದ್ದರು. ‘ಬೇಡ, ಇರಲಿ’ ಅಂದೆ. ಆಮೇಲೆ ‘ಆಮಾ’ ಅಂದೆ. ಅವ್ವ ನನ್ನ ಮುಖ ನೋಡುತ್ತಿದ್ದಳು, ಅದಕ್ಕೆ ಕನ್ನಡದಲ್ಲೂ ಹೇಳಿದೆ. ‘ಹೌದು ಅವ್ವ. ಸೇರಿದ್ದೀನಿ.’

ಪರೀಕ್ಷೆ ಮಾಡಿಸಿದರು. ಕಾಯುವಷ್ಟು ಹೊತ್ತೂ ಅವ್ವ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ನಡುವೆ ಒಬ್ಬರು ಕೂರುವಷ್ಟು ಜಾಗ. ಅದು ಖಾಲಿಯೇ ಇತ್ತು, ಆದರೂ ನಾನು ಆ ಕಡೆ ಸರಿಯಲಿಲ್ಲ.

ಬಸಿರಲ್ಲ. ಬರೆಯುತ್ತೇನೆ ಮತ್ತೆ. ನಾನು ಬಸಿರಲ್ಲ.

ಡಾಕ್ಟರು ಬೈದರು, ಜೋರಾಗಿ ಅಲ್ಲ. ‘ಆ ಮಾತ್ರೆ ಮುಟ್ಟನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಬಸಿರನ್ನು ತಡೆಯುವ ಮಾತ್ರೆ ಬೇರೆ. ಈ ಸಲ ನಿನ್ನ ಅದೃಷ್ಟ, ಬಸಿರಾಗುವ ದಿನಗಳು ಕಳೆದಿದ್ದವು. ಇನ್ನೂ ಒಂದು ವಾರ ಆಗದಿದ್ದರೆ ಮತ್ತೆ ಬಾ, ಇನ್ನೊಮ್ಮೆ ನೋಡೋಣ. ಹಬ್ಬದ ಮಾತ್ರೆ ನಂಬಿಕೊಂಡು ಎಷ್ಟು ಜನ ಬರುತ್ತಾರೆ ಗೊತ್ತಾ ಇಲ್ಲಿಗೆ?’ ಆಮೇಲೆ ಒಂದೊಂದಾಗಿ ಹೇಳಿದರು. ಕಾಂಡೋಮ್, ಅದು ರೋಗವನ್ನೂ ತಡೆಯುತ್ತದೆ. ದಿನಾ ತಪ್ಪದೆ ನುಂಗುವ ಮಾತ್ರೆ. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್. ವರ್ಷಗಟ್ಟಲೆ ಇರುವ ಕಾಪರ್-ಟಿ, ಬೇಡವಾದಾಗ ತೆಗೆಸಬಹುದು. ಎಲ್ಲ ತಪ್ಪಿಹೋದರೆ ಆದಷ್ಟು ಬೇಗ, ಮೂರು ದಿನದೊಳಗೆ ತೆಗೆದುಕೊಳ್ಳುವ ಮಾತ್ರೆ.

‘ಆ ಕೊನೆಯದು ಊಟಿಯಲ್ಲಿ ಎಲ್ಲೂ ಇಲ್ಲ ಅಂದರು’ ಅಂದೆ.

‘ಅಂಗಡಿಯಲ್ಲಿ ಇಲ್ಲ. ಇಲ್ಲಿ ಬಂದು ಕೇಳಿದೆಯಾ?’

ಕೇಳಲಿಲ್ಲ. ಜೋಳ ತಿಂದುಕೊಂಡು ಹೋದೆವು.

ಅವ್ವ ಆಗ ಬಾಯಿ ಬಿಟ್ಟಳು. ಮದುವೆ ಆಗದವರಿಗೂ ಇದೆಲ್ಲ ಕೊಡುತ್ತೀರಾ ಅಂತ ಕೇಳಿದಳು. ಕೊಡುತ್ತೇವೆ ಅಂದರು ಡಾಕ್ಟರು, ‘ಇವಳು ದೊಡ್ಡವಳು, ನಿಮ್ಮ ಸಹಿ ಬೇಕಿಲ್ಲ.’ ಅವ್ವನಿಗೆ ಅದು ಬಡಿದ ಹಾಗಾಯಿತು. ಮೆಟ್ಟಿಲಿಳಿಯುವಾಗ ನನ್ನ ಕೆನ್ನೆಗೆ ಒಂದು ಬಾರಿಸಿದಳು. ಜೋಳದವನು ನೋಡಿ ಆ ಕಡೆ ತಿರುಗಿದ.

‘ನಿಮ್ಮಪ್ಪಂಗೆ ಯೋಳಕಿಲ್ಲ. ಯೋಳಕಿಲ್ಲ ಅಂದ್ರೆ ಸರೋಯ್ತು ಅಂತಲ್ಲ’ ಅಂದಳು.

ಬಸ್ಸು ಬರುವವರೆಗೂ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. ಯಾರು ಅಂತ ಅವಳು ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ರಸ್ತೆ ನೋಡುತ್ತಲೇ ಶುರು ಮಾಡಿದಳು. ‘ನೀ ಹುಟ್ಟಿದ್ ಮ್ಯಾಲೆ ಇನ್ನೊಂದು ಬಸ್ರು ನಿಂತಿತ್ತು. ನಾನೂ ಆ ಮಾತ್ರೇನೇ ನಂಬಿದ್ದೆ. ಬಾಗ್ಲು ಹಾಕ್ಯದೆ ಅನ್ಕಂಡಿದ್ದೆ. ಇನ್ನೊಂದು ಸಾಕಾಕೆ ಆಗ ನಮ್ಮ ಕೈಲಾಗ್ತಿರ್ನಿಲ್ಲ. ಯಾರೋ ಬೇರು ಕೊಟ್ರು, ಅರ್ದು ಕುಡುದೆ. ಆಲೂಗಡ್ಡೆ ಕೊಟ್ಟಿಗೇಲಿ ಗೋಣಿತಾಟು ಹಾಕ್ಕಂಡು ಮಲಗಿದ್ದೆ. ನಿಮ್ಮಜ್ಜಿ ಜ್ವರ ಅನ್ಕಂಡಿದ್ಲು.’

‘ಆಮೇಲೆ?’

‘ಆಮೇಲೇನು. ನಾನು ಬದುಕ್ಕಂಡೆ.’

ಬಸ್ಸು ಬಂತು. ಹತ್ತುವಾಗ, ‘ಆ ಮಗೀಗೆ ಆಗಿದ್ದೂ ಇದೇಯಾ?’ ಅಂದಳು. ಹೂಂ ಅಂದೆ. ಅವ್ವ ಕಿಟಕಿಯ ಸರಳು ಹಿಡಿದುಕೊಂಡು ನನ್ನನ್ನೇ ನೋಡುತ್ತಾ ಹೋದಳು.

ಸೆಪ್ಟೆಂಬರ್ 10, ಬುಧವಾರ

ಮುಟ್ಟಾಯಿತು. ಬೆಳಿಗ್ಗೆ, ಬಚ್ಚಲಲ್ಲಿ. ಗೋಡೆಗೆ ಒರಗಿ ಅತ್ತೆ.

ನನಗೆ ಈ ರಕ್ತ ಬಂದದ್ದಕ್ಕೆ ಸಂತೋಷ. ನಿನ್ನನ್ನು ಕೊಂಡುಹೋದದ್ದೂ ಇದೇ ರಕ್ತ. ನಿನ್ನ ಬಕೆಟ್ಟಿನ ನೀರಿನಲ್ಲೇ ಬಟ್ಟೆ ತೊಳೆದೆ. ಬೇರೆ ನೀರು ಇರಲಿಲ್ಲ ಅಂತ ಅಲ್ಲ.

ಸೆಪ್ಟೆಂಬರ್ 13, ಶನಿವಾರ

ಕಾರ್ತಿಗೆ ಎಲ್ಲ ಹೇಳಿದೆ. ಮುಖ ಬಿಳುಚಿಕೊಂಡಿತು, ಕ್ಷಮಿಸು ಅಂದ, ಕಣ್ಣಲ್ಲಿ ನೀರು ಹಾಕಿದ. ಅಳು ಆಮೇಲೆ, ಮೊದಲು ಅಂಗಡಿಗೆ ನಡಿ ಅಂದೆ. ಕಾಂಡೋಮ್ ಕೇಳು, ನಿಮ್ಮ ಹಟ್ಟಿಯವರಿದ್ದರೆ ನಮಸ್ಕಾರ ಹೇಳಿ ಕೇಳು ಅಂದೆ. ನಾನೂ ಒಳಗೆ ಹೋಗಿ ಪಕ್ಕದಲ್ಲೇ ನಿಂತೆ. ಕೊಟ್ಟರು. ಆಕಾಶ ಏನೂ ಬೀಳಲಿಲ್ಲ.

ಸೋಲೂರಿಗೆ ಬರುತ್ತೀಯಾ ಅಂತ ಕೇಳಿದ. ಇವತ್ತಲ್ಲ ಅಂದೆ. ಮತ್ತೆ ಹೋಗುತ್ತೇನೋ ಇಲ್ಲವೋ ನನಗೇ ತಿಳಿದಿಲ್ಲ. ನಿನ್ನೆ ಡಾಕ್ಟರ ಹತ್ತಿರ ಹೋಗಿ ದಿನದ ಮಾತ್ರೆ ತಂದಿಟ್ಟುಕೊಂಡಿದ್ದೇನೆ. ಯಾವುದಕ್ಕೂ ಇರಲಿ ಅಂತ ಒಂದು, ಮೂಲೆ ರೂಮಿನ ಹುಡುಗಿಗೆ ದಾರಿ ತೋರಿಸುವುದಿತ್ತು ಅಂತ ಇನ್ನೊಂದು. ಅವಳು ಇಡೀ ದಾರಿ ನನ್ನ ಸ್ವೆಟರಿನ ತೋಳು ಹಿಡಿದುಕೊಂಡಿದ್ದಳು. ಮೂಲೆ ರೂಮಿನವರು ನಂಬರಿನ ವಿಷಯ ಮಾತಾಡುತ್ತಿದ್ದದ್ದು ಅವಳಿಗಾಗಿಯೇ.

ಸೆಪ್ಟೆಂಬರ್ 21, ಭಾನುವಾರ, ನಂಜನಾಡು

ಮಹಾಲಯ ಅಮಾವಾಸ್ಯೆ. ಸತ್ತವರಿಗೆ ಎಡೆ ಇಡುವ ದಿನ. ಅಜ್ಜಿ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದಳು, ಅವ್ವ ಒಂದೊಂದು ಎಲೆಗೆ ಬಡಿಸುತ್ತಾ ಹೋದಳು. ಕೊನೆಯಲ್ಲಿ ಎಂದಿನಂತೆ ಒಂದು ಎಲೆ ಹೆಚ್ಚಿಗೆ ಹಾಕಿದಳು. ಚಿಕ್ಕಂದಿನಿಂದಲೂ ನೋಡುತ್ತಿದ್ದೇನೆ. ಅದು ಯಾರಿಗೆ ಅಂದರೆ, ‘ಮರ್ತೋದೋರಿಗೆ’ ಅನ್ನುತ್ತಿದ್ದಳು. ಇವತ್ತು ಕೇಳಲಿಲ್ಲ. ಅವ್ವ ಆ ಎಲೆಗೆ ಪಾಯಸವನ್ನೇ ಜಾಸ್ತಿ ಬಡಿಸುತ್ತಾಳೆ ಅನ್ನುವುದನ್ನು ಮಾತ್ರ ಇವತ್ತು ಗಮನಿಸಿದೆ.

ನಾನು ಒಳಗಿನಿಂದ ಇನ್ನೊಂದು ಎಲೆ ತಂದು ಪಕ್ಕದಲ್ಲಿ ಹಾಕಿದೆ. ಇದ್ಯಾರಿಗೆ ಅಂದಳು ಅಜ್ಜಿ. ಅವ್ವ ಏನೂ ಹೇಳದೆ ಅದಕ್ಕೂ ಬಡಿಸಿದಳು. ಪಾಯಸ ಎರಡು ಸಲ.

ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದು ಕೂತೆವು. ಅವರು ಬಂದು ಉಣ್ಣುವವರೆಗೆ ನಾವು ಒಳಗೆ ಹೋಗಬಾರದು. ಮಂಜು ಅಂಗಳದವರೆಗೂ ಬಂದಿತ್ತು. ಆಗ ಫೋನು ಹೊಡೆದುಕೊಂಡಿತು. ‘ತೇನು’. ನಾಲಗೆ ಚಾಚಿದ ಫೋಟೊ. ಅವ್ವನೂ ನೋಡಿದಳು. ಅವಳ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ‘ತಕ್ಕೋ’ ಅಂದಳು.

ಸಾಪ್ಟಿಯಾ ಅಂತ ಕೇಳಲಿಲ್ಲ ಅವಳ ಅಮ್ಮ. ಏನು ತಿಂದಿದ್ದಳು ಅಂತ ಶುರು ಮಾಡುವ ಮುಂಚೆ ನಾನೇ, ‘ಅಮ್ಮ, ಪರೋಟ ಅಲ್ಲ’ ಅಂದೆ.

‘ಗೊತ್ತು ಕಣ್ಣು’ ಅಂದರು. ‘ಆಸ್ಪತ್ರೆಯಲ್ಲಿ ಹೇಳಿದರು. ಅವತ್ತೇ ಹೇಳಿದರು.’

ಇಷ್ಟು ದಿನ ಅವರು ನನ್ನ ಸುಳ್ಳನ್ನು ಕೇಳುತ್ತಾ ಕೂತಿದ್ದರು, ಯಾವ ಅಂಗಡಿ, ಯಾವ ಹೊತ್ತು ಅಂತ ವಿಚಾರಿಸುತ್ತಾ.

‘ನಿನ್ನನ್ನ ಕೇಳಬೇಕಾದದ್ದು ಬೇರೆ. ಪ್ರತಿ ಸಲ ಕೇಳಬೇಕು ಅಂತಲೇ ಮಾಡ್ತೀನಿ, ಬಾಯಿ ಬರಲ್ಲ’ ಅಂದರು. ‘ನಾಲ್ಕು ದಿನ ಮನೆಯಲ್ಲೇ ಇದ್ದಳು, ನನ್ನ ಪಕ್ಕದಲ್ಲೇ ಮಲಗಿದ್ದಳು. ಒಂದು ಮಾತು ಹೇಳಲಿಲ್ಲ. ಅವಳು ನನಗೆ ಹೆದರಿದ್ದಳಾ ಕಣ್ಣು?’

ಇಲ್ಲ ಅಂದಿದ್ದರೆ ಅವರಿಗೆ ಇವತ್ತು ನಿದ್ದೆ ಬರುತ್ತಿತ್ತೇನೋ. ನಾನು ಅವ್ವನ ಕಡೆ ನೋಡಿದೆ. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

‘ಹೂಂ ಅಮ್ಮ, ಹೆದರಿದ್ದಳು’ ಅಂದೆ. ‘ನಾನೂ ಹೆದರಿದ್ದೆ.’

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು. ಆಮೇಲೆ ಅವರು ಮೂಗು ಒರೆಸಿಕೊಂಡು, ‘ಚಿಕ್ಕವಳ ಕೈಗೆ ಕೊಡ್ತೀನಿ. ಅವಳಿಗೆ ಎಲ್ಲಾ ಹೇಳು. ನನಗೆ ಹೇಳೋಕೆ ಬರಲ್ಲ. ನಾನು ಪಕ್ಕದಲ್ಲೇ ಕೂತಿರ್ತೀನಿ’ ಅಂದರು.

‘ಅಕ್ಕಾ’ ಅಂದಳು ತೇನು.

ತೇನು ಅಲ್ಲ, ಯಾಳಿನಿ. ಆದರೆ ಅದೇ ದನಿ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಮುಚ್ಚಿದ ಬಾಗಿಲಿನ ಆಚೆ ಎಲೆಯ ಮುಂದೆ ಯಾರು ಕೂತಿದ್ದಾರೋ, ಫೋನಿನಲ್ಲಿ ಯಾರಿದ್ದಾರೋ ಒಂದು ಗಳಿಗೆ ಗೊತ್ತಾಗಲಿಲ್ಲ.

‘ಹೇಳು ಅಕ್ಕಾ, ಕೇಳಿಸ್ಕೊಳ್ತಾ ಇದ್ದೀನಿ.’

ಎಲ್ಲಿಂದ ಶುರು ಮಾಡುವುದು ಅಂತ ಸ್ವಲ್ಪ ಯೋಚಿಸಿದೆ. ಊಟಿಯಲ್ಲಿ ಬೇಯಿಸಿದ ಜೋಳ ಮಾರುವ ಜಾಗ ಗೊತ್ತಾ, ಅದರ ಪಕ್ಕದಲ್ಲಿ ಒಂದು ಗೇಟು ಇದೆ, ಅಂದೆ.